ಸಬ್‌ವೂಫರ್ ಪೆಟ್ಟಿಗೆಗೆ ಯಾವ ಹಲಗೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಸಬ್‌ವೂಫರ್ (ತಗ್ಗಿನ ಗುಡುಗು ಸದ್ದು ಹೊರಡಿಸುವ ಸ್ಪೀಕರ್) ಪೆಟ್ಟಿಗೆ ಮಾಡುವ, ಮಾಡಿಸುವ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಲಗೆಯ ಆಯ್ಕೆಯಲ್ಲೇ ಸಿಕ್ಕಿಕೊಂಡಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಆಂಪ್ಲಿಫೈಯರ್, ವೈರಿಂಗ್ ಕುರಿತ ಪ್ರಶ್ನೆಗಳನ್ನು ಬೇರೆಯಾಗಿ ತೆಗೆದಿರಿಸಿದ್ದೇವೆ.

ಕಾರಿನ ಡಿಕ್ಕಿಯಲ್ಲಿಡಲು 12 ಇಂಚಿನ ಸಬ್‌ವೂಫರ್‌ಗೆ ಪೆಟ್ಟಿಗೆ ಬೇಕು. ಕಾರ್ ಆಡಿಯೊ ಅಂಗಡಿಯವರು ಎಂಡಿಎಫ್ ಎನ್ನುತ್ತಾರೆ. ನಮ್ಮ ಬಡಗಿ ಮರೈನ್ ಪ್ಲೈ ಬಿಟ್ಟು ಬೇರೆ ಮುಟ್ಟಲೇಬೇಡಿ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರು, ತುಮಕೂರು

ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಇಬ್ಬರೂ ಹೇಳುತ್ತಿರುವ ಕಾರಣ ಬೇರೆ ಬೇರೆ. ಮೊದಲು ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡೋಣ. 40 ಹರ್ಟ್ಸ್ ಸದ್ದಿನ ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್. ನಿಮ್ಮ ಪೆಟ್ಟಿಗೆಯ ಒಳಗಿನ ಅಳತೆ ಒಂದಡಿಯಷ್ಟೇ. ಅಂದರೆ ಅಲೆ ಒಳಗೆ ಓಡಾಡಿ ಪ್ರತಿಧ್ವನಿಸುವ ಪ್ರಶ್ನೆಯೇ ಇಲ್ಲ. ಸ್ಪೀಕರ್‌ನ ಅದುರುವ ಬಟ್ಟಲು, ಅಂದರೆ ಕೋನ್, ಒಳಗೆ ಸರಿದಾಗಲೆಲ್ಲ ಪೆಟ್ಟಿಗೆಯ ಗಾಳಿಯ ಒತ್ತಡ ಏರಿ ಆರೂ ಹಲಗೆಗಳನ್ನು ಒಟ್ಟಿಗೆ ಹೊರಗೆ ದೂಡುತ್ತದೆ, ಕೋನ್ ಹೊರಗೆ ಬಂದಾಗ ಒಳಗೆ ಎಳೆಯುತ್ತದೆ. ಸೆಕೆಂಡಿಗೆ 40 ಸಲ. ಈ ಒತ್ತಡಕ್ಕೆ ಬಾಗದಿರುವುದು, ಗಾಳಿ ಸೋರದಿರುವುದು: ಸಬ್‌ವೂಫರ್ ಹಲಗೆಯಿಂದ ಕೇಳಬೇಕಾದ್ದು ಇವೆರಡನ್ನೇ.

ಎಂಡಿಎಫ್‌ನ ಹೆಗ್ಗಳಿಕೆ ಅದರ ಒಳಗೆ ಟೊಳ್ಳು ಇಲ್ಲದಿರುವುದು. ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ್ದರಿಂದ ಹಾಳೆಯ ಎಲ್ಲ ಕಡೆಯೂ ಒಂದೇ ಸಮ, ದಪ್ಪವೂ ಹೆಚ್ಚುಕಡಿಮೆ ಕರಾರುವಾಕ್ಕು, ಕೊಯ್ದ ಅಂಚು ನುಣುಪು. ಅಂಗಡಿಯವರು ಅದನ್ನು ಬಯಸುವುದು ಇದಕ್ಕೇ. ಅದರ ದೌರ್ಬಲ್ಯ ನೀರು, ತೂಕ ಮತ್ತು ಅಂಚಿನಲ್ಲಿ ಸ್ಕ್ರೂ ಹಿಡಿಯದಿರುವುದು. ಬಿಗಿತದ ಮಟ್ಟಿಗೆ ಹೇಳುವುದಾದರೆ ಒಳ್ಳೆಯ ಗಟ್ಟಿಮರದ ಪ್ಲೈವುಡ್ ಅದೇ ದಪ್ಪದ ಎಂಡಿಎಫ್‌ಗಿಂತ ಸುಮಾರು ದುಪ್ಪಟ್ಟು ಬಿಗಿ. ತೂಕವೂ ಕಡಿಮೆ: 18 ಮಿ.ಮೀ. ದಪ್ಪದ 8×4 ಅಡಿ ಎಂಡಿಎಫ್ ಹಾಳೆ 40 ಕೆ.ಜಿ. ಆಸುಪಾಸು ತೂಗಿದರೆ, ಪ್ಲೈ 32ರಿಂದ 36 ಕೆ.ಜಿ.

ಆದರೆ ಬಡಗಿ ಹೇಳುವ 'ಮರೈನ್' ಎಂಬ ಗುಣ ಸದ್ದಿಗೆ ಸಂಬಂಧಪಟ್ಟದ್ದಲ್ಲ. ಮರೈನ್ ಪ್ಲೈಗಿರುವ ಭಾರತೀಯ ಮಾನಕ ಐಎಸ್ 710. ಆ ಗುಣಮಟ್ಟದ ಪ್ಲೈಯ ಅಂಟು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಬಿಡಬಾರದು ಎಂಬುದು ಅದರ ಪರೀಕ್ಷೆ. ತುಮಕೂರಿನಂಥ ಒಣ ಹವೆಯಲ್ಲಿ, ಕಾರಿನ ಡಿಕ್ಕಿಯ ಒಳಗೆ ಅಷ್ಟು ಬೇಕಿಲ್ಲ. ಸಾಮಾನ್ಯ ಬಳಕೆಯ ಪ್ಲೈಗಿರುವ ಐಎಸ್ 303ರ ಬಿಡಬ್ಲ್ಯೂಆರ್ (ಕುದಿನೀರು ತಾಳುವ) ದರ್ಜೆ ಸಾಕು, ಒಳಗೆ ಟೊಳ್ಳಿಲ್ಲ ಎಂಬುದು ಖಾತ್ರಿಯಾದರೆ. ಟೊಳ್ಳಿರುವ ಮರೈನ್ ಪ್ಲೈಗಿಂತ ಸಾಧಾರಣ ಎಂಡಿಎಫ್ ಸಾವಿರ ಪಾಲು ಮೇಲು.

ನಮ್ಮ ಸಲಹೆ: ನೀವೇ ಮನೆಯಲ್ಲಿ ಜೋಡಿಸುವುದಾದರೆ 18 ಮಿ.ಮೀ. ಎಂಡಿಎಫ್. ನುರಿತ ಬಡಗಿಯಿಂದ ಮಾಡಿಸುವುದಾದರೆ, ಹಾಳೆಯನ್ನು ಅವರೊಂದಿಗೆ ಹೋಗಿ ನೋಡಿ ಆರಿಸುವ ಪುರುಸೊತ್ತಿದ್ದರೆ, ಗಟ್ಟಿಮರದ ಕೋರ್ (ಒಳಪದರಗಳು) ಇರುವ ಪ್ಲೈ. ಡಿಕ್ಕಿಯಲ್ಲಿ ನೀರಿನ ಕ್ಯಾನು, ಒದ್ದೆ ಕೊಡೆ ಇಡುವ ರೂಢಿ ಇದ್ದರೂ ಪ್ಲೈಯನ್ನೇ ಆರಿಸಿ.

ಪ್ಲೈವುಡ್ ಅಂಗಡಿಯಲ್ಲಿ ಎಲ್ಲ ಹಾಳೆಗಳೂ ಒಂದೇ ಥರ ಕಾಣುತ್ತವೆ. 'ಒಳಗೆ ಗ್ಯಾಪ್ ಇಲ್ಲ ಸರ್' ಎಂದು ಎಲ್ಲರೂ ಹೇಳುತ್ತಾರೆ. ಕೊಯ್ಯುವ ಮೊದಲೇ ತಿಳಿಯುವುದು ಹೇಗೆ?
— ಓದುಗರು, ಶಿವಮೊಗ್ಗ

ಬಹಳ ಒಳ್ಳೆಯ ಪ್ರಶ್ನೆ. ಇದನ್ನು ಕಲಿತವರ ಪೆಟ್ಟಿಗೆ ಅರ್ಧ ಗೆದ್ದಂತೆ.

ಪ್ಲೈಯ ಮೇಲಿನ ಮತ್ತು ಕೆಳಗಿನ ಪದರಗಳು ಚೆಂದ ಕಾಣುವ ತೆಳು ವಿನೀರ್. ನಡುವೆ ಇರುವ ಕೋರ್ ಪದರಗಳನ್ನು ತುಂಡು ತುಂಡಾಗಿ ಜೋಡಿಸಿರುತ್ತಾರೆ. ಎರಡು ತುಂಡುಗಳ ನಡುವೆ ಸಂದು ಉಳಿದರೆ ಅದೇ ಕೋರ್ ಗ್ಯಾಪ್. ಒಂದರ ಮೇಲೊಂದು ಏರಿ ಕೂತರೆ ಅಲ್ಲಿ ಹಾಳೆ ಉಬ್ಬುತ್ತದೆ. ಅಲಮಾರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಸಬ್‌ವೂಫರ್‌ಗೆ ಎರಡು ರೀತಿಯ ತೊಂದರೆ. ಸಂದಿನ ಮೇಲಿರುವ ತೆಳು ಪದರ ತಮಟೆಯ ಚರ್ಮದ ಹಾಗೆ ಅದುರಿ ಕಿರಿಕಿರಿ ಸದ್ದು ಹೊರಡಿಸುತ್ತದೆ. ಮತ್ತೆ, ಸ್ಕ್ರೂ ತೂತಿನಿಂದಲೋ ಡ್ರೈವರ್‌ಗೆ (ಪೆಟ್ಟಿಗೆಯಲ್ಲಿ ಕೂರಿಸುವ ಸ್ಪೀಕರ್‌ಗೆ) ಕೊಯ್ದ ಅಂಚಿನಿಂದಲೋ ಗಾಳಿ ಈ ಸಂದಿನೊಳಗೆ ನುಗ್ಗಿ ಹಲಗೆಯ ಹೊರ ಅಂಚಿನಲ್ಲಿ ಸಿಳ್ಳೆ ಹಾಕುತ್ತಾ ಹೊರಬೀಳುತ್ತದೆ. ಈ ಸೋರಿಕೆಯನ್ನು ಪೆಟ್ಟಿಗೆ ಕಟ್ಟಿದ ಮೇಲೆ ಹುಡುಕುವುದು ಮಹಾ ಕಷ್ಟ.

ಹಾಳೆಯನ್ನು ಕಟ್ಟಿನಿಂದ ಹೊರಗೆ ಎಳೆಸಿ, ಬೆಳಕಿಗೆ ತರಿಸಿ. ನಾಲ್ಕೂ ಅಂಚುಗಳನ್ನು ನೋಡಿ. ಕೆಲವು ಹಾಳೆಗಳ ಅಂಚಿಗೆ ಬಣ್ಣ ಅಥವಾ ಪುಟ್ಟಿ ಬಳಿದಿರುತ್ತಾರೆ. ಅಂಥದ್ದರ ಮೇಲೆ ಉಗುರಿನಿಂದಲೋ ಕೀಲಿಕೈಯಿಂದಲೋ ಗೀರಿದರೆ ತುಂಬಿದ ಪುಟ್ಟಿ ಉದುರಿ ಗ್ಯಾಪ್ ಕಾಣುತ್ತದೆ. ಆಮೇಲೆ ಹಾಳೆಯನ್ನು ಎರಡು ಮರದ ತುಂಡುಗಳ ಮೇಲೆ ಮಲಗಿಸಿ ಐದು ರೂಪಾಯಿಯ ನಾಣ್ಯದಿಂದ ಗೇಣಿಗೊಂದು ಕಡೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ 'ಟಕ್' ಎನ್ನುವ ಸದ್ದು ಟೊಳ್ಳಿನಲ್ಲಿ 'ಡಬ್' ಆಗುತ್ತದೆ. ಟೊಳ್ಳು ಸಿಕ್ಕಲ್ಲಿ ಪೆನ್ಸಿಲ್ ಗುರುತು ಹಾಕಿ. ಒಂದೆರಡಾದರೆ ಕೊಯ್ಯುವಾಗ ಆ ಜಾಗ ಬಿಟ್ಟುಕೊಳ್ಳಬಹುದು. ನಾಲ್ಕೈದು ಸಿಕ್ಕರೆ ಹಾಳೆ ವಾಪಸ್.

ಆಮೇಲೆ ಅಂಚಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ಬಿಲ್ಲಿನಂತೆ ಬಾಗಿದೆಯೇ ಎಂದು. ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ಇಟ್ಟ ಹಾಳೆಗಳು ಬಾಗಿರುತ್ತವೆ. ಮಲಗಿಸಿಟ್ಟ ಅಟ್ಟಿಯ ನಡುವಿನದ್ದನ್ನು ಕೇಳಿ. ದಪ್ಪ ಅಳೆಯುವ ವರ್ನಿಯರ್ ಜೊತೆಗಿರಲಿ: 18 ಎಂದು ಮಾರುವ ಪ್ಲೈ ವಾಸ್ತವದಲ್ಲಿ 17 ಅಥವಾ 17.5 ಮಿ.ಮೀ. ಇರುವುದು ಸಾಮಾನ್ಯ. ನಾಲ್ಕು ಮೂಲೆಯಲ್ಲೂ ಅಳೆದಾಗ ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೇಡ. ಒಂದೇ ದಪ್ಪಕ್ಕೆ ಉಜ್ಜಿದ 'ಕ್ಯಾಲಿಬ್ರೇಟೆಡ್' ಪ್ಲೈಗೆ ಸ್ವಲ್ಪ ಹೆಚ್ಚು ಹಣ ಕೊಡುವುದು ಈ ಕೆಲಸಕ್ಕೆ ಸಾರ್ಥಕ.

ಕೋರ್ ಯಾವ ಮರ ಎಂದೂ ಕೇಳಿ. ಉತ್ತರದ ಯಮುನಾನಗರ ಕಡೆಯಿಂದ ಬರುವ ಪಾಪ್ಲರ್ ಕೋರ್ ಹಗುರ, ಮೆದು. ಕೇರಳದ ಪೆರುಂಬಾವೂರು ಕಡೆಯ ಹಾಳೆಗಳಲ್ಲಿ ರಬ್ಬರ್ ಮರ ಹೆಚ್ಚು. ನೀಲಗಿರಿಯಂಥ ಗಟ್ಟಿಮರದ ಕೋರ್ ಸಿಕ್ಕರೆ ನಿಮ್ಮ ಕೆಲಸಕ್ಕೆ ಅದೇ ಒಳ್ಳೆಯದು. ತೂಕದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಗುರುತಿನ ವಿಷಯ. ಹಾಳೆಯ ಮೇಲೆ ದೊಡ್ಡದಾಗಿ '710' ಎಂದು ಅಚ್ಚಾಗಿದ್ದರೆ ಅದು ಪ್ರಮಾಣಪತ್ರವಲ್ಲ. ಐಎಸ್‌ಐ ಗುರುತು, ಅದರ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ, ಮೂರೂ ಇರಬೇಕು. ಆ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಯಾವ ತಯಾರಕರಿಗೆ, ಯಾವ ವಸ್ತುವಿಗೆ ಕೊಟ್ಟದ್ದೆಂದು ಅಂಗಡಿಯಲ್ಲಿ ನಿಂತೇ ನೋಡಬಹುದು. ಬಿಲ್ಲಿನಲ್ಲಿ ದಪ್ಪ, ದರ್ಜೆ, ಐಎಸ್ ಸಂಖ್ಯೆ ಬರೆಸಿಕೊಳ್ಳಿ. ದರ ಹೇಳುವುದು ಚದರ ಅಡಿಗೆ. ಅದು ಜಿಎಸ್‌ಟಿ ಸೇರಿದ್ದೋ ಸೇರದ್ದೋ ಎಂದು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಇಷ್ಟಾದರೂ ಅಂಟಿನ ಬಗ್ಗೆ ಅನುಮಾನ ಉಳಿದರೆ ಅಂಗೈಯಗಲದ ಚೂರೊಂದನ್ನು ಹಳೆಯ ಪಾತ್ರೆಯಲ್ಲಿ ನಾಲ್ಕೈದು ಗಂಟೆ ಕುದಿಸಿ. ಬರೀ ತೇವ ತಡೆಯುವ ಎಂಆರ್ ದರ್ಜೆಯ ಹಾಳೆಯನ್ನು ಮರೈನ್ ಎಂದು ಕೊಟ್ಟಿದ್ದರೆ ಪದರಗಳು ಅಷ್ಟರಲ್ಲೇ ಬಿಡತೊಡಗುತ್ತವೆ.

ಮನೆಯ ಹೋಂ ಥಿಯೇಟರ್‌ಗೆ 10 ಇಂಚಿನ ಸಬ್‌ವೂಫರ್ ಮಾಡುತ್ತಿದ್ದೇನೆ. 12 ಮಿ.ಮೀ. ಹಲಗೆ ಸಾಲದೇ? 25 ಮಿ.ಮೀ. ಹಾಕಿದರೆ ಇನ್ನೂ ಚೆನ್ನಾಗಿರುತ್ತದೆಯೇ?
— ಓದುಗರು, ಮೈಸೂರು

ಹಲಗೆಯ ಬಿಗಿತ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 12ರಿಂದ 18 ಮಿ.ಮೀ.ಗೆ ಹೋದರೆ ದಪ್ಪ ಒಂದೂವರೆ ಪಟ್ಟು, ಬಿಗಿತ ಸುಮಾರು 3.4 ಪಟ್ಟು. 18ರಿಂದ 25ಕ್ಕೆ ಹೋದರೆ ಇನ್ನೂ 2.7 ಪಟ್ಟು. ಹಾಗೆಂದು ಎಲ್ಲ ಬದಿಗೂ 25 ಹಾಕಿದರೆ ತೂಕ, ಖರ್ಚು ಎರಡೂ ಏರಿ ಒಳಗಿನ ಜಾಗ ಕುಗ್ಗುತ್ತದೆ. ಅದಕ್ಕಿಂತ ಅಗ್ಗದ ದಾರಿ ಒಳಗೊಂದು ಅಡ್ಡಪಟ್ಟಿ, ಅಂದರೆ ಬ್ರೇಸ್. ಒತ್ತಡಕ್ಕೆ ಹಲಗೆ ಎಷ್ಟು ಬಾಗುತ್ತದೆ ಎಂಬುದು ಆಧಾರವಿಲ್ಲದ ಹರವಿನ ನಾಲ್ಕನೇ ಘಾತಕ್ಕೆ ತಕ್ಕಂತೆ ಇರುತ್ತದೆ. ಉದ್ದನೆಯ ಹಲಗೆಯೊಂದರ ಅಗಲವನ್ನು ಬ್ರೇಸ್ ಹಾಕಿ ಎರಡು ಪಾಲು ಮಾಡಿದರೆ ಬಾಗು ಹದಿನಾರನೇ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ಅಂಗೈಯಗಲದ ಚೂರು ಹಲಗೆಯಿಂದ ಇಷ್ಟು ಲಾಭ ಬೇರೆಲ್ಲೂ ಸಿಗದು.

ನಿಮಗೆ 18 ಮಿ.ಮೀ. ಪೆಟ್ಟಿಗೆ, ಒಂದು ಬ್ರೇಸ್, ಮುಂದಿನ ಹಲಗೆ ಮಾತ್ರ 18ರ ಮೇಲೆ 18 ಅಂಟಿಸಿ 36 ಮಿ.ಮೀ. ಮುಂದಿನ ಹಲಗೆಗೆ ಈ ವಿಶೇಷ ಯಾಕೆಂದರೆ ಅದರ ನಡುವೆ ದೊಡ್ಡ ತೂತು ಕೊಯ್ದು ಅದರ ಬಲವನ್ನೇ ತೆಗೆದಿರುತ್ತೇವೆ, ಮೇಲೆ ಭಾರದ ಡ್ರೈವರ್ ಅದಕ್ಕೇ ನೇತುಬಿದ್ದಿರುತ್ತದೆ. 12 ಮಿ.ಮೀ. ಹಲಗೆ 6.5 ಇಂಚಿನ ಸಣ್ಣ ಡ್ರೈವರ್‌ನ ಪುಟ್ಟ ಪೆಟ್ಟಿಗೆಗೆ, ಅದೂ ಬ್ರೇಸ್ ಇದ್ದರೆ, ನಡೆಯುತ್ತದೆ.

ಅರ್ಧ ಹಾಳೆಯಲ್ಲಿ 12 ಇಂಚಿನ ಪೆಟ್ಟಿಗೆ ಆಗುತ್ತದೆಯೇ? ಬೆಂಗಳೂರಿನಲ್ಲಿ ಎಲ್ಲಿ ಕೊಂಡು ಎಲ್ಲಿ ಕೊಯ್ಯಿಸುವುದು? ಕೊಯ್ಯುವ ಪಟ್ಟಿ ಕೊಟ್ಟರೆ ಉಪಕಾರ.
— ಓದುಗರು, ರಾಜಾಜಿನಗರ, ಬೆಂಗಳೂರು

ಆಗುತ್ತದೆ. 4×4 ಅಡಿಯ ಅರ್ಧ ಹಾಳೆ ಸಾಕು. ಪೋರ್ಟ್ (ಗಾಳಿ ಹೊರಬಿಡುವ ಕಂಡಿ) ಇಲ್ಲದ, ಪೂರ್ತಿ ಮುಚ್ಚಿದ ಸೀಲ್ಡ್ ಪೆಟ್ಟಿಗೆಯ ಲೆಕ್ಕ ಕೊಡುತ್ತೇವೆ. ಹಲಗೆಯ ದಪ್ಪ ಸರಿಯಾಗಿ 18 ಮಿ.ಮೀ. ಎಂದುಕೊಳ್ಳಿ.

ಮುಂದೆ, ಹಿಂದೆ ಮತ್ತು ಮುಂದಿನ ಎರಡನೇ ಪದರ: 420×360 ಮಿ.ಮೀ., 3 ತುಂಡು
ಮೇಲೆ, ಕೆಳಗೆ: 420×324 ಮಿ.ಮೀ., 2 ತುಂಡು
ಎಡ, ಬಲ: 324×324 ಮಿ.ಮೀ., 2 ತುಂಡು
ಬ್ರೇಸ್: 324×150 ಮಿ.ಮೀ., 1 ತುಂಡು

ಒಟ್ಟು ಸುಮಾರು 10.6 ಚದರ ಅಡಿ. ಎಂಡಿಎಫ್‌ನಲ್ಲಿ 13 ಕೆ.ಜಿ.ಯಷ್ಟಾಗುತ್ತದೆ. ಒಳಗಿನ ಗಾತ್ರ 384×324×324 ಮಿ.ಮೀ., ಅಂದರೆ 40.3 ಲೀಟರ್. ಅದರಲ್ಲಿ ಡ್ರೈವರ್ ತಿನ್ನುವ ಜಾಗ ಸುಮಾರು 3 ಲೀಟರ್, ಬ್ರೇಸ್ ಮುಕ್ಕಾಲು ಲೀಟರ್. ಉಳಿಯುವುದು 36 ಲೀಟರಿನ ಚಿಲ್ಲರೆ, ಹೆಚ್ಚುಕಡಿಮೆ ಒಂದೂಕಾಲು ಘನ ಅಡಿ. ಬಹಳಷ್ಟು 12 ಇಂಚಿನ ಕಾರ್ ಸಬ್‌ವೂಫರ್‌ಗಳಿಗೆ ಸೀಲ್ಡ್ ಪೆಟ್ಟಿಗೆಯಲ್ಲಿ ಇಷ್ಟು ಸರಿಹೊಂದುತ್ತದೆ. ಆದರೂ ನಿಮ್ಮ ಡ್ರೈವರ್‌ನ ಕಾಗದದಲ್ಲಿ ತಯಾರಕರು ಹೇಳಿದ ಗಾತ್ರವೇ ಅಂತಿಮ. ಅದು ಬೇರೆ ಇದ್ದರೆ ಪೆಟ್ಟಿಗೆಯ ಅಗಲವನ್ನು ಮಾತ್ರ ಬದಲಿಸಿ. ಆಗ 420 ಎಂದಿರುವ ಕಡೆಯಷ್ಟೇ ತಿದ್ದಿದರೆ ಸಾಕು, ಉಳಿದ ಅಳತೆ ಹಾಗೇ ಇರುತ್ತದೆ.

ಬ್ರೇಸ್ ಡ್ರೈವರ್‌ನ ಹಿಂದೆ ನಿಲ್ಲಬೇಕು: 324ರ ಉದ್ದ ಮೇಲಿನಿಂದ ಕೆಳಗೆ, 150ರ ಅಗಲ ಹಿಂದಿನ ಹಲಗೆಗೆ ತಾಗಿ ಮುಂದಕ್ಕೆ. ಗಾಳಿಯಾಡಲು ಅದರ ನಡುವೆ 100 ಮಿ.ಮೀ. ವ್ಯಾಸದ ತೂತು. ಮ್ಯಾಗ್ನೆಟ್‌ನ ಬೆನ್ನಿಗೂ ಬ್ರೇಸ್‌ಗೂ ಕನಿಷ್ಠ 30 ಮಿ.ಮೀ. ಅಂತರವಿರಲಿ. ಮ್ಯಾಗ್ನೆಟ್ ಹಿಂದೆ ಗಾಳಿಗಂಡಿ ಇರುವ ಡ್ರೈವರ್‌ಗಳು ಅಲ್ಲಿಂದಲೇ ಬಿಸಿ ಹೊರಹಾಕುತ್ತವೆ.

ಇನ್ನು ಜನ ಎಡವುವ ಜಾಗ. ಪಟ್ಟಿಯನ್ನು 18 ಎಂದು ಬರೆದು ಅಂಗಡಿಯಲ್ಲಿ 17 ಮಿ.ಮೀ. ಹಲಗೆ ತಂದರೆ ಬದಿಯ 324, ಮೇಲೆ ಕೆಳಗಿನ 17+17 ಸೇರಿ ಎತ್ತರ 358 ಆಗುತ್ತದೆ, ಮುಂದಿನ ಹಲಗೆ 360 ಇದೆ. ಮೇಲೆ ಕೆಳಗೆ ಸೇರಿ 2 ಮಿ.ಮೀ. ಚಾಚಿಕೊಂಡು ಪೆಟ್ಟಿಗೆಯ ಹೊರಮೈಗೆ ಕಾರ್ಪೆಟ್ ಅಂಟಿಸುವಾಗ ಅಂಚೆಲ್ಲ ಹರಿದುಹೋಗುತ್ತದೆ. ಹಾಗಾಗಿ ಕ್ರಮ ಹೀಗೆ: ಮೊದಲು ಹಾಳೆ ಆರಿಸಿ, ದಪ್ಪ ಅಳೆದು, ಆ ದಪ್ಪಕ್ಕೆ ಪಟ್ಟಿ ತಿದ್ದಿ, ಆಮೇಲೆ ಕೊಯ್ಯಿಸಿ.

ಹಾಳೆಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ನಿಮಗೆ ಹತ್ತಿರ. ಅಲ್ಲಿ ಅಂಗಡಿ ಹೆಚ್ಚು, ನಾಲ್ಕು ಕಡೆ ನೋಡಿ ಆರಿಸಬಹುದು. ಟರ್ಮಿನಲ್ ಕಪ್ (ವೈರು ಸಿಕ್ಕಿಸುವ ಬಟ್ಟಲು), ಟಿ-ನಟ್ (ಹಲಗೆಗೆ ಬಡಿದು ಕೂರಿಸುವ ನಟ್), ಡ್ರೈವರ್‌ಗೆ ಎಸ್.ಪಿ. ರಸ್ತೆ ಮತ್ತು ಜೆ.ಸಿ. ರಸ್ತೆ. ಹಲವು ಅಂಗಡಿಗಳು ಅರ್ಧ ಹಾಳೆ ಕೊಡಲು ಒಪ್ಪುವುದಿಲ್ಲ. ಅಂಥ ಕಡೆ 6×3 ಅಡಿಯ ಸಣ್ಣ ಹಾಳೆ ಕೇಳಿ. ಅದರಲ್ಲೂ ನಿಮ್ಮ ಪಟ್ಟಿ ಕೂರುತ್ತದೆ. ಮಾಡ್ಯುಲರ್ ಕಿಚನ್ ಮಾಡುವ ವರ್ಕ್‌ಶಾಪ್‌ಗಳಲ್ಲಿ ಉಳಿದ ತುಂಡುಗಳು ಕಡಿಮೆ ದರಕ್ಕೆ ಸಿಗುತ್ತವೆ. ಅಲ್ಲಿ ಹಲಗೆ ಕೊಯ್ಯುವ ಪ್ಯಾನೆಲ್ ಸಾ ಯಂತ್ರವೂ ಇರುತ್ತದೆ.

ಯಂತ್ರದಲ್ಲಿ ಕೊಯ್ಯಿಸುವುದಕ್ಕೆ ಕೊಡುವ ಹಣವನ್ನು ಉಳಿಸಲು ಹೋಗಬೇಡಿ ಎಂದು ಒತ್ತಿ ಹೇಳುತ್ತೇವೆ. ಕೈಗರಗಸದಲ್ಲಿ ಒಂದು ಮಿ.ಮೀ. ಓರೆಯಾದರೆ ಆ ಸಂದನ್ನು ಅಂಟು ತುಂಬುವುದಿಲ್ಲ. ಬ್ಲೇಡು ಪ್ರತಿ ಕೊಯ್ತಕ್ಕೂ 3ರಿಂದ 4 ಮಿ.ಮೀ. ತಿನ್ನುತ್ತದೆ, ಅದನ್ನು ನಕ್ಷೆಯಲ್ಲಿ ಸೇರಿಸಿ. ಯಂತ್ರದ ಗೈಡನ್ನು 324ಕ್ಕೆ ಒಮ್ಮೆ ಕೂರಿಸಿದ ಮೇಲೆ 324 ಅಳತೆಯ ಎಲ್ಲ ತುಂಡುಗಳನ್ನೂ ಒಟ್ಟಿಗೆ ಕೊಯ್ಯಲು ಹೇಳಿ. ಕೊಯ್ಯುವವರ ಅಳತೆ ಅರ್ಧ ಮಿ.ಮೀ. ತಪ್ಪಿದ್ದರೂ ಎಲ್ಲವೂ ಒಂದೇ ಥರ ತಪ್ಪಿರುತ್ತವೆ, ಪೆಟ್ಟಿಗೆ ಮೂಲೆಮಟ್ಟಕ್ಕೆ ಕೂರುತ್ತದೆ. ಮನೆಗೆ ಒಯ್ಯುವ ಮೊದಲು ಪ್ರತಿ ತುಂಡಿನ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆದು ನೋಡಿ. ಎರಡೂ ಸಮವಿದ್ದರೆ ತುಂಡು ಮೂಲೆಮಟ್ಟಕ್ಕಿದೆ.

ಎಂಡಿಎಫ್ ಅಂಚಿಗೆ ಸ್ಕ್ರೂ ಹಾಕಿದಾಗ ಹಲಗೆ ಸೀಳಿಹೋಯಿತು. ಹಲಗೆ ಕಳಪೆಯೇ?
— ಓದುಗರು, ಕಲಬುರಗಿ

ಹಲಗೆಯ ತಪ್ಪಿರಲಾರದು. ಎಂಡಿಎಫ್‌ನ ಅಂಚು ಪುಟಗಳನ್ನು ಒತ್ತಿಟ್ಟ ಹಾಗೆ ಪದರ ಪದರವಾಗಿದ್ದು ಸ್ಕ್ರೂ ಒಳನುಗ್ಗಿದಾಗ ಸುಲಭವಾಗಿ ಬಿರಿಯುತ್ತದೆ. 4 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ ಸ್ಕ್ರೂಗೆ ಅಂಚಿನ ಹಲಗೆಯಲ್ಲಿ 3 ಮಿ.ಮೀ. ಬಿಟ್‌ನಿಂದ ಸ್ಕ್ರೂವಿನಷ್ಟೇ ಆಳಕ್ಕೆ ತೂತು ಕೊರೆಯಿರಿ, ಮೇಲಿನ ಹಲಗೆಯಲ್ಲಿ ಪೂರ್ತಿ 4.5 ಮಿ.ಮೀ. ತೂತು. ಮೂಲೆಯಿಂದ ಮೊದಲ ಸ್ಕ್ರೂ ಕನಿಷ್ಠ 50 ಮಿ.ಮೀ. ದೂರ, ಆಮೇಲೆ 120ರಿಂದ 150 ಮಿ.ಮೀ.ಗೊಂದು. ಡ್ರಿಲ್ ಯಂತ್ರದಲ್ಲೇ ಕೊನೆಯವರೆಗೆ ಬಿಗಿಯಬೇಡಿ. ಕೊನೆಯ ಎರಡು ಸುತ್ತು ಕೈಯಲ್ಲಿ ತಿರುಗಿಸಿ.

ನಿಜವಾಗಿ ಪೆಟ್ಟಿಗೆಯನ್ನು ಹಿಡಿದಿಡುವುದು ಅಂಟು. ಸ್ಕ್ರೂ ಬರೀ ಅಂಟು ಒಣಗುವವರೆಗಿನ ಕ್ಲಾಂಪ್. ಫೆವಿಕಾಲ್ ಎಸ್‌ಎಚ್ ಥರದ ಬಿಳಿ ಅಂಟನ್ನು ಎರಡೂ ಮುಖಕ್ಕೆ ತೆಳುವಾಗಿ ಬಳಿಯಿರಿ. ಎಂಡಿಎಫ್ ಅಂಚು ಅಂಟನ್ನು ಕುಡಿದುಬಿಡುವುದರಿಂದ ಅಲ್ಲಿ ಐದು ನಿಮಿಷ ಬಿಟ್ಟು ಇನ್ನೊಂದು ಸಲ ಹಚ್ಚಿ. ಬಿಗಿದಾಗ ಸಂದಿನುದ್ದಕ್ಕೂ ಸಣ್ಣ ಹನಿಗಳ ಸಾಲು ಹೊರಬಂದರೆ ಅಂಟು ಸಾಕಷ್ಟಿದೆ. ಒಂದು ರಾತ್ರಿ ಅಲುಗಿಸಬೇಡಿ. ಸೀಳಿದ ಅಂಚನ್ನು ಎಸೆಯಬೇಕಿಲ್ಲ: ಸೀಳಿನೊಳಗೆ ತೆಳು ಅಂಟು ಇಳಿಸಿ, ಎರಡು ಕಡೆ ಚಪ್ಪಟೆ ಹಲಗೆಯಿಟ್ಟು ಕ್ಲಾಂಪ್ ಮಾಡಿ, ಮರುದಿನ 40 ಮಿ.ಮೀ. ಪಕ್ಕದಲ್ಲಿ ಹೊಸ ತೂತು ಕೊರೆಯಿರಿ.

ಎಂಡಿಎಫ್ ಕೊಯ್ಯುವಾಗ, ಉಜ್ಜುವಾಗ ಏಳುವ ಧೂಳು ಬಹಳ ನುಣ್ಣಗಿರುತ್ತದೆ, ಅದರಲ್ಲಿ ಫಾರ್ಮಾಲ್ಡಿಹೈಡ್ ಅಂಟಿನ ಅಂಶವೂ ಇರುತ್ತದೆ. ಎನ್95 ಮಾಸ್ಕ್ ಹಾಕಿ ಮನೆಯ ಹೊರಗೆ ಮಾಡಿ. ಕೊಳ್ಳುವಾಗ ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ಇ1 ಅಥವಾ ಇ0 ದರ್ಜೆ ಕೇಳಿದರೆ ಅದರ ವಾಸನೆ ಕಡಿಮೆ.

ಉಡುಪಿಯ ಮಳೆಗಾಲಕ್ಕೆ ಎಂಡಿಎಫ್ ತಡೆಯುತ್ತದೆಯೇ? ಹಳೆಯ ಪೆಟ್ಟಿಗೆಯ ಕೆಳಭಾಗ ಉಬ್ಬಿ ಬಿಸ್ಕತ್ತಿನ ಥರ ಉದುರುತ್ತಿದೆ.
— ಓದುಗರು, ಉಡುಪಿ

ಕರಾವಳಿಗೆ ಸಾದಾ ಎಂಡಿಎಫ್ ನಾವು ಹೇಳುವುದಿಲ್ಲ. ಒಮ್ಮೆ ಉಬ್ಬಿದ ಅಂಚು ಒಣಗಿದರೂ ಮತ್ತೆ ಮೊದಲಿನಂತಾಗದು, ಆ ಪೆಟ್ಟಿಗೆಯನ್ನು ಬದಲಿಸಿಬಿಡಿ. ನಿಮಗೆ ಎರಡು ದಾರಿ. ಒಂದು, ಬಿಡಬ್ಲ್ಯೂಪಿ (ಕುದಿನೀರಿಗೂ ಅಂಟು ಬಿಡದ) ಪ್ಲೈ, ಅಂದರೆ ಮೇಲೆ ಹೇಳಿದ ಐಎಸ್ 710ರದ್ದು. ಮರೈನ್ ಎಂಬ ಹೆಸರಿಗೆ ನಿಜಕ್ಕೂ ಬೆಲೆ ಬರುವುದು ನಿಮ್ಮ ಊರಿನಲ್ಲಿ. ಇನ್ನೊಂದು ಎಚ್‌ಡಿಎಚ್‌ಎಂಆರ್ ಎಂದು ಮಾರುವ ಹೆಚ್ಚು ಸಾಂದ್ರತೆಯ, ತೇವ ತಡೆಯುವ ನಾರಿನ ಹಲಗೆ. ಘನ ಮೀಟರಿಗೆ 850 ಕೆ.ಜಿ. ಆಸುಪಾಸಿನ ಸಾಂದ್ರತೆ, ಒಳಗೆ ಟೊಳ್ಳಿಲ್ಲ, ಸ್ಕ್ರೂವನ್ನು ಎಂಡಿಎಫ್‌ಗಿಂತ ಚೆನ್ನಾಗಿ ಹಿಡಿಯುತ್ತದೆ. 18 ಮಿ.ಮೀ. ಹಾಳೆ 45 ಕೆ.ಜಿ. ದಾಟುತ್ತದೆ, ಇಬ್ಬರು ಬೇಕು ಎತ್ತಲು. ತೇವ ತಡೆಯುತ್ತದೆ ಎಂದರೆ ನೀರಲ್ಲಿ ನೆನೆಸಬಹುದು ಎಂದಲ್ಲ, ಅಷ್ಟು ನೆನಪಿರಲಿ.

ಯಾವುದನ್ನು ತಂದರೂ ಕೊಯ್ದ ಅಂಚುಗಳನ್ನು ಸೀಲ್ ಮಾಡಲೇಬೇಕು. ಸಮಪಾಲು ನೀರು ಬೆರೆಸಿದ ಬಿಳಿ ಅಂಟನ್ನು ಹಚ್ಚಿ ಒಣಗಿಸಿ 180 ನಂಬರಿನ ಸ್ಯಾಂಡ್ ಪೇಪರಿನಿಂದ ಉಜ್ಜಿದರೆ ಅಂಚಿನ ನಾರು ಕೂರುತ್ತದೆ. ಆದರೆ ಅದೊಂದೇ ನೀರು ತಡೆಯುವುದಿಲ್ಲ, ಅದರ ಮೇಲೆ ಪಿಯು (ಪಾಲಿಯುರೆಥೇನ್) ಸೀಲರ್ ಎರಡು ಕೈ ಬೇಕು. ಡ್ರೈವರ್‌ನ ತೂತಿನ ಒಳ ಅಂಚನ್ನೂ ಟರ್ಮಿನಲ್ ತೂತನ್ನೂ ಬಹಳ ಜನ ಮರೆಯುತ್ತಾರೆ. ತೇವ ನುಗ್ಗುವುದು ಅಲ್ಲಿಂದಲೇ. ಲ್ಯಾಮಿನೇಟ್ ಹಾಕುವುದಾದರೆ ಹೊರಗಷ್ಟೇ ಹಾಕಿ ಒಳಗೆ ಬರಿಮೈ ಬಿಡಬೇಡಿ. ಒಂದು ಮುಖ ತೇವ ಹೀರಿ ಇನ್ನೊಂದು ಹೀರದಿದ್ದರೆ ಹಲಗೆ ಬಾಗುತ್ತದೆ. ಒಳಗೂ ಸೀಲರ್ ಬಳಿಯಿರಿ. ಪೆಟ್ಟಿಗೆಯ ಕೆಳಗೆ 20 ಮಿ.ಮೀ. ರಬ್ಬರ್ ಕಾಲು ಕೊಟ್ಟು ನೆಲದಿಂದ ಎತ್ತರಿಸಿ. ಮಳೆಗಾಲದಲ್ಲಿ ಹೊರಗೋಡೆಗೆ ಒತ್ತಿ ಇಡಬೇಡಿ.

ಮನೆಯಲ್ಲಿ ಚೆನ್ನಾಗಿ ಒಣಗಿದ ಹಲಸಿನ ಹಲಗೆಗಳಿವೆ. ಅದರಲ್ಲೇ ಮಾಡಿದರೆ ಪ್ಲೈಗಿಂತ ಗಟ್ಟಿಯಲ್ಲವೇ?
— ಓದುಗರು, ಶಿರಸಿ

ಗಟ್ಟಿಯೇ, ಆದರೆ ನಿಲ್ಲದು. ಹಲಸಾಗಲಿ ಸಾಗುವಾನಿಯಾಗಲಿ, ಇಡೀ ಮರದ ಹಲಗೆ ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಬಹಳ ಕಡಿಮೆ, ಅಡ್ಡಕ್ಕೆ ಸಾಕಷ್ಟು. ಆರು ಮುಖದ ಪೆಟ್ಟಿಗೆಯಲ್ಲಿ ಒಂದರ ಉದ್ದ ಇನ್ನೊಂದರ ಅಡ್ಡಕ್ಕೆ ಅಂಟಿರುವುದರಿಂದ ಎರಡು ಹಂಗಾಮು ಕಳೆಯುವುದರೊಳಗೆ ಸಂದು ಬಿಡುತ್ತದೆ ಅಥವಾ ಹಲಗೆ ಸೀಳುತ್ತದೆ. ಪ್ಲೈಯಲ್ಲಿ ಒಂದು ಪದರದ ನಾರು ಇನ್ನೊಂದಕ್ಕೆ ಅಡ್ಡಲಾಗಿರುವುದು ಈ ಚಲನೆಯನ್ನು ತಡೆಯಲಿಕ್ಕೇ. ಪೆಟ್ಟಿಗೆಯನ್ನು ಪ್ಲೈಯಲ್ಲಿ ಮಾಡಿ, ಹಲಸಿನ ಮರವನ್ನು ಕಾಲು, ಹಿಡಿಕೆ, ಮುಂದಿನ ಚೌಕಟ್ಟಿಗೆ ಬಳಸಿ. ಆ ಹಳದಿ ಬಣ್ಣಕ್ಕೆ ಎಣ್ಣೆ ಪಾಲಿಶ್ ಕೊಟ್ಟರೆ ನೋಡಲು ಬಲು ಚೆಂದ.

ಬಿಚ್ಚಿಟ್ಟ ಹಳೆಯ ಅಲಮಾರಿಯ ಪಾರ್ಟಿಕಲ್ ಬೋರ್ಡ್ ಬಳಸಬಹುದೇ? ಬ್ಲಾಕ್ ಬೋರ್ಡ್?
— ಓದುಗರು, ಹುಬ್ಬಳ್ಳಿ

ಪಾರ್ಟಿಕಲ್ ಬೋರ್ಡ್‌ನಲ್ಲಿ ಡ್ರೈವರ್‌ನ ಸ್ಕ್ರೂ ಒಂದೆರಡು ಸಲ ಬಿಚ್ಚಿ ಹಾಕಿದರೆ ತೂತು ಪುಡಿಯಾಗುತ್ತದೆ, ಕಂಪನಕ್ಕೆ ಸಡಿಲವಾಗುತ್ತದೆ. ಸಣ್ಣ ಡ್ರೈವರ್ ಇಟ್ಟು ಅಳತೆ ಪರೀಕ್ಷಿಸುವ ತಾತ್ಕಾಲಿಕ ಪೆಟ್ಟಿಗೆಗೆ ಸಾಕು. ಬ್ಲಾಕ್ ಬೋರ್ಡ್ ಬೇಡವೇ ಬೇಡ. ಅದರ ಒಳಗಿನ ಮರದ ಪಟ್ಟಿಗಳ ನಡುವೆ ಸಂದುಗಳು ಸಾಲುಸಾಲಾಗಿ ಇರುತ್ತವೆ, ಗಾಳಿ ಸೋರಲು ಸಿದ್ಧ ದಾರಿ.

ನಮ್ಮದು ಜಾತ್ರೆ, ಗಣೇಶೋತ್ಸವ, ನಾಟಕಗಳಿಗೆ ಸೌಂಡ್ ಸರ್ವಿಸ್. 18 ಇಂಚಿನ ಎರಡು ಡ್ರೈವರ್ ಕೂರುವ ಬಾಕ್ಸ್ ಮಾಡಿಸಬೇಕು. ಯಾವ ಹಲಗೆ, ಎಷ್ಟು ಹಾಳೆ?
— ಓದುಗರು, ಹಾವೇರಿ

ಲಾರಿಗೆ ಹತ್ತಿ ಇಳಿಯುವ ಬಾಕ್ಸ್‌ಗೆ ಎಂಡಿಎಫ್ ಮುಟ್ಟಬೇಡಿ. ಒಂದು ಸಲ ಮೂಲೆ ನೆಲಕ್ಕೆ ಬಡಿದರೆ ಜಜ್ಜಿಹೋಗುತ್ತದೆ, ಮಳೆ ಹನಿ ಬಿದ್ದರೆ ಕಥೆ ಮುಗಿಯಿತು. 1200×550×800 ಮಿ.ಮೀ. ಹೊರ ಅಳತೆಯ ಬಾಕ್ಸ್‌ಗೆ ಬ್ರೇಸ್ ಸೇರಿ 8×4 ಅಡಿಯ ಎರಡು ಹಾಳೆ ಬೇಕಾಗುತ್ತದೆ. ಬರೀ ಮರದ ತೂಕ ಎಂಡಿಎಫ್‌ನಲ್ಲಿ 70 ಕೆ.ಜಿ. ದಾಟಿದರೆ ಪ್ಲೈಯಲ್ಲಿ 60ರ ಸುತ್ತ. ಹೊರುವ ಹುಡುಗರ ಬೆನ್ನಿಗೆ ಈ 10 ಕೆ.ಜಿ. ದೊಡ್ಡದು.

18 ಮಿ.ಮೀ. ಗಟ್ಟಿಮರದ ಕೋರ್ ಇರುವ ಬಿಡಬ್ಲ್ಯೂಪಿ ಪ್ಲೈ ಕೊಳ್ಳಿ. ಪದರಗಳ ಸಂಖ್ಯೆ ಎಣಿಸಿ: ಹೆಚ್ಚು ಪದರ, ಅಷ್ಟು ಒಳ್ಳೆಯದು. ವಿದೇಶದ ದೊಡ್ಡ ತಯಾರಕರು ಬಳಸುವ ಬರ್ಚ್ ಪ್ಲೈಯಲ್ಲಿ 18 ಮಿ.ಮೀ.ಗೆ 13 ಪದರಗಳಿರುತ್ತವೆ, ಎಲ್ಲವೂ ಬರ್ಚ್ ಮರದವೇ. ಆಮದಾಗಿ ಬರುವುದರಿಂದ ದುಬಾರಿ. ನಾಲ್ಕಾರು ಬಾಕ್ಸ್ ಒಟ್ಟಿಗೆ ಮಾಡಿಸುವುದಾದರೆ ವಿಚಾರಿಸಿ. ಮೇಲ್ಪದರದ ನಾರು ಹಲಗೆಯ ಉದ್ದಕ್ಕೆ ಓಡುವಂತೆ ಕೊಯ್ಯಿಸಿದರೆ ಬಿಗಿತ ಹೆಚ್ಚು.

250ರಿಂದ 300 ಮಿ.ಮೀ.ಗಿಂತ ಅಗಲದ ಹರವು ಎಲ್ಲೂ ಬ್ರೇಸ್ ಇಲ್ಲದೆ ಇರಬಾರದು. ಎರಡು ಡ್ರೈವರ್‌ಗಳ ನಡುವೆ ಮುಂದಿನಿಂದ ಹಿಂದಿನವರೆಗೆ ಕಿಟಕಿ ಕೊಯ್ದ ಒಂದು ಪೂರ್ತಿ ಬ್ರೇಸ್ ಕಡ್ಡಾಯ. ಡ್ರೈವರ್‌ಗಳನ್ನು ಮರದ ಸ್ಕ್ರೂನಿಂದ ಕೂರಿಸಬೇಡಿ. ಹಿಂದಿನಿಂದ ಎಂ6 ಟಿ-ನಟ್ ಬಡಿದು, ಕದಲದಂತೆ ಎಪಾಕ್ಸಿ ಹಚ್ಚಿ, ಬೋಲ್ಟ್ ಹಾಕಿ. ಡ್ರೈವರ್‌ಗೆ ಎಂಟು. ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ, ಒಂದೇ ಕಡೆಯಿಂದ ಸುತ್ತಾ ಬಿಗಿದರೆ ಡ್ರೈವರ್‌ನ ಚೌಕಟ್ಟು ತಿರುಚುತ್ತದೆ. ಮೂಲೆಗಳಿಗೆ ಉಕ್ಕಿನ ಕಾರ್ನರ್, ಹೊರಮೈಗೆ ಒರಟು ಟೆಕ್ಸ್‌ಚರ್ ಪೇಂಟ್. ಕಾರ್ಪೆಟ್ ಒದ್ದೆಯಾದರೆ ವಾರವಾದರೂ ಒಣಗದೆ ಹಲಗೆಯನ್ನೇ ಕೊಳೆಸುತ್ತದೆ.

ಇಲ್ಲಿ ಪ್ಲೈ ಇಂಚಿನ ಲೆಕ್ಕದಲ್ಲಿ ಸಿಗುತ್ತದೆ. ಮುಕ್ಕಾಲು ಇಂಚು ಎಂದರೆ 18 ಮಿ.ಮೀ. ಎಂದುಕೊಳ್ಳಬಹುದೇ?
— ಕನ್ನಡಿಗ ಓದುಗರು, ಡಲ್ಲಾಸ್

ಅಳೆಯದೆ ಬೇಡ. ಅಮೆರಿಕದಲ್ಲಿ ಮುಕ್ಕಾಲು ಇಂಚೆಂದು ಮಾರುವ ಪ್ಲೈ ಸಾಮಾನ್ಯವಾಗಿ 23/32 ಇಂಚು, ಸುಮಾರು 18.3 ಮಿ.ಮೀ. ಮುಕ್ಕಾಲು ಇಂಚಿನ ಎಂಡಿಎಫ್ ಪೂರ್ತಿ 19 ಮಿ.ಮೀ. ಹಾಳೆಯೂ 49×97 ಇಂಚು ಬರುತ್ತದೆ. ಬಾಲ್ಟಿಕ್ ಬರ್ಚ್ ಸಿಗುವುದು ಹೆಚ್ಚಾಗಿ 5×5 ಅಡಿ ಹಾಳೆಯಲ್ಲಿ. ಕೊಯ್ಯುವ ನಕ್ಷೆ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಪೆಟ್ಟಿಗೆ ಮಾಡಿ ಮುಗಿದಿದೆ. ಒಂದು ಹಾಡಿನಲ್ಲಿ ಮಾತ್ರ ಬರ್ರ್ ಎಂಬ ಸದ್ದು. ಹಲಗೆ ಕೆಟ್ಟದ್ದೋ, ಡ್ರೈವರ್ ಕೆಟ್ಟದ್ದೋ ಹೇಗೆ ತಿಳಿಯುವುದು?
— ಓದುಗರು, ಚಿಕ್ಕಮಗಳೂರು

ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಿಂದ 20ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತಾ ಹೋಗಿ, ಸದ್ದು ಮಧ್ಯಮವಿರಲಿ. ಬರ್ರ್ ಶುರುವಾದ ಹರ್ಟ್ಸ್‌ನಲ್ಲಿ ನಿಲ್ಲಿಸಿ. ಅಂಗೈಯಿಂದ ಒಂದೊಂದು ಹಲಗೆಯನ್ನೂ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೆಯೋ ಅಲ್ಲಿ ಬ್ರೇಸ್ ಬಿಟ್ಟಿದೆ ಅಥವಾ ಕೋರ್ ಗ್ಯಾಪ್ ಇದೆ. ಯಾವುದನ್ನು ಒತ್ತಿದರೂ ನಿಲ್ಲದಿದ್ದರೆ ಟರ್ಮಿನಲ್ ಕಪ್, ಒಳಗಿನ ವೈರು, ಗ್ರಿಲ್ ನೋಡಿ. ವೈರು ಕೋನ್‌ಗೆ ತಾಗುತ್ತಿರುವುದು ಬಹಳ ಸಾಮಾನ್ಯ.

ಸೋರಿಕೆಗೆ ಊದುಬತ್ತಿ ಒಳ್ಳೆಯ ಸಾಧನ. ಫ್ಯಾನ್ ಆರಿಸಿ, 25 ಹರ್ಟ್ಸ್ ಟೋನ್ ಸಣ್ಣಗೆ ಹಾಕಿ, ಹೊಗೆಯನ್ನು ಸಂದುಗಳ ಉದ್ದಕ್ಕೂ, ಡ್ರೈವರ್‌ನ ಸುತ್ತ, ಪ್ಲೈಯಾದರೆ ಹಲಗೆಯ ಹೊರ ಅಂಚಿನ ಮೇಲೂ ಒಯ್ಯಿರಿ. ಸೋರುವ ಕಡೆ ಹೊಗೆ ತುಂಡು ತುಂಡಾಗಿ ಚಿಮ್ಮುತ್ತದೆ. ಕೋನ್‌ಗೂ ಕಾರ್ಪೆಟ್‌ಗೂ ಕೆಂಡ ತಾಗದಂತೆ ನೋಡಿಕೊಳ್ಳಿ. ಡ್ರೈವರ್ ತೆಗೆದು, ಸಂದುಗಳಿಗೆ ಒಳಗಿನಿಂದ ಬಿಳಿ ಅಂಟು ಮತ್ತು ಮರದ ಪುಡಿಯ ಗಟ್ಟಿ ಮಿಶ್ರಣ ತುಂಬಿ. ಸಿಲಿಕೋನ್ ಬಳಸುವುದಾದರೆ ವಿನೆಗರ್ ವಾಸನೆ ಬರುವ ಬಗೆಯದ್ದು ಬೇಡ, ಅದರ ಆಮ್ಲದ ಆವಿ ತಾಮ್ರದ ತಂತಿಗೆ ಒಳ್ಳೆಯದಲ್ಲ. 'ನ್ಯೂಟ್ರಲ್' ಎಂದು ಬರೆದದ್ದನ್ನು ತನ್ನಿ. ಕೋರ್ ಗ್ಯಾಪ್ ಸಿಕ್ಕರೆ ಆ ಜಾಗಕ್ಕೆ ಒಳಬದಿಯಿಂದ 3 ಮಿ.ಮೀ. ತೂತು ಕೊರೆದು, ಸಿರಿಂಜಿನಲ್ಲಿ ತೆಳು ಎಪಾಕ್ಸಿ ಇಳಿಸಿ, ಹಲಗೆಯನ್ನು ಅಡ್ಡ ಮಲಗಿಸಿ ಒಂದು ದಿನ ಬಿಡಿ. ಡ್ರೈವರ್ ಮತ್ತೆ ಕೂರಿಸುವ ಮೊದಲು ಅದರ ಅಂಚಿನಡಿ 3 ಮಿ.ಮೀ. ಫೋಮ್ ಟೇಪ್ ಸುತ್ತ ಹಾಕಿ. ಟೇಪಿನ ಎರಡು ತುದಿ ಸೇರುವಲ್ಲಿ ಸಂದು ಉಳಿಯದಂತೆ ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಕೂರಿಸಿ.